ಕುರಿ ನಡಿಗೆಯ ಗೇರು

ತೆಲಂಗಾಣ ರಾಜ್ಯವಾಗಿ ನಾಲ್ಕು ವರ್ಷಕ್ಕೆ ವೆಂಕಟಯ್ಯನ ಮನೆಗೆ ಜೀಪು ಬಂತು. ಗದ್ವಾಲದಿಂದ ತಂದ ಆ ಹಳೆಯ ಗಾಡಿಯಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಗೇರಿತ್ತು. ಕೆಸರಿನಲ್ಲಿ ನಾಲ್ಕೂ ಚಕ್ರ ಎಳೆಯಬೇಕಾದಾಗ ಹಾಕುವುದು ಎಂದು ಮಾರಿದವನು ಹೇಳಿದ್ದ. ಮಕ್ತಲ್ ರಸ್ತೆಯಲ್ಲಿ ಅದಕ್ಕೆ ಕೆಲಸ ಬೀಳಲಿಲ್ಲ. ಕೆಲಸವಿಲ್ಲದ್ದನ್ನು ದೇವರಿಗೆ ಒಪ್ಪಿಸುವುದರಲ್ಲಿ ವೆಂಕಟಯ್ಯನ ಹೆಂಡತಿ ಹಣಮಮ್ಮನದು ಎತ್ತಿದ ಕೈ. ಜೀಪಿನ ಪೂಜೆಯ ದಿನ ಉಣ್ಣೆಯ ಕಂಕಣಕ್ಕೆ ಅರಿಶಿನಕೊಂಬು ಕಟ್ಟಿ, ಅದರಿಂದ ಗಿಡ್ಡ ಗೇರನ್ನು ಸೀಟಿನ ಕಂಬಿಗೆ ಬಿಗಿದಳು. ಕುರಿ ಕಾಯುವವರ ದೇವರು ಬೀರಪ್ಪನ ಗುಡಿಗೆ ಹೋಗಿಬರುವವರೆಗೆ ಬಿಚ್ಚುವಂತಿಲ್ಲ.

ಗುಡಿಗಿಂತ ಮೊದಲು ಮಳೆ ಬಂತು. ಅವರ ಕುರಿಮಂದೆ ಗೊಬ್ಬರಕ್ಕೆಂದು ಕಪ್ಪು ಮಣ್ಣಿನ ಎರಿಹೊಲದ ನಡುವೆ ತಂಗಿತ್ತು. ಆಗತಾನೆ ಹುಟ್ಟಿದ ಮರಿಗಳು ನೆನೆದು ನಡುಗುತ್ತಿದ್ದವು. ಬೇಗ ಒಣ ಜಾಗ ಸೇರದಿದ್ದರೆ ಉಳಿಯುವ ಹಾಗಿರಲಿಲ್ಲ. ಮನೆಯಲ್ಲಿ ಜೀಪು ಓಡಿಸಬಲ್ಲವಳು ಸೊಸೆ ದೇವಿಕಾ ಒಬ್ಬಳೇ. ಅತ್ತೆ ಮಾವನನ್ನು ಕೂರಿಸಿಕೊಂಡು ಹೊರಟಳು. ಹೊಲದ ಅಂಚಿನಲ್ಲೇ ಜೀಪು ಹೂತುಹೋಯಿತು.

ವೆಂಕಟಯ್ಯ ಇಳಿದು ಹಿಂದೆ ನಿಂತು ಕೂಗಿದ: "ರೇಸ್ ಕೊಡವ್ವಾ! ಜೋರ್ ಕೊಡು!"

ಚಕ್ರ ಗಿರ್ರನೆ ತಿರುಗಿ ಅವನ ಬಿಳಿ ಧೋತರಕ್ಕೆ ಅರ್ಧ ಹೊಲವನ್ನೇ ಬಳಿಯಿತು.

"ಕೊಟ್ಟೀನ್ರಿ ಮಾವ. ಎಲ್ಲಾ ನಿಮಗೇ ಬಂತು," ಎಂದಳು ದೇವಿಕಾ. ಅತ್ತೆಯ ಕಡೆ ತಿರುಗಿದಳು. "ಗಿಡ್ಡ ಗೇರ್ ಹಾಕಬೇಕ್ರಿ ಅತ್ತಿ. ಕಂಕಣ ಬಿಚ್ರಿ."

"ನಾಲಗಿಗೆ ಹದ್ದು ಇಲ್ಲೇನ ನಿನಗ? ಬೀರಪ್ಪನ ಕಂಕಣ ಐತಿ ಅದು!"

"ಮತ್ತ ಆ ಮರಿ ಯಾರವ್ರಿ?"

ಹೊಲದ ನಡುವಿನಿಂದ ಸಣ್ಣ ದನಿಯ ಕೂಗು ಕೇಳುತ್ತಿತ್ತು. ಹಣಮಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟಳು.

"ಅವೂ ಅವನವೇ," ಎಂದು ತಾನೇ ಗಂಟು ಬಿಚ್ಚಿದಳು. ಆದರೆ ಕಂಕಣ ನೆಲ ಮುಟ್ಟಬಾರದು; ಸೊಸೆಯ ಮುಂಗೈಗೆ ಕಟ್ಟಿದಳು. "ಗುಡಿ ಮುಟ್ಟೋತನಕ ತಗದೀ ಅಂದ್ರ ನೋಡು!"

ದೇವಿಕಾ ಗಿಡ್ಡ ಗೇರು ಎಳೆದಳು. ರೇಸಿನಿಂದ ಕಾಲು ತೆಗೆದು, ಜೀಪನ್ನು ಅದರ ಪಾಡಿಗೆ ಬಿಟ್ಟಳು. ಅದು ಗುರುಗುಟ್ಟಿತು, ಒಮ್ಮೆ ಮೈಮುರಿಯಿತು, ಆಮೇಲೆ ನಾಲ್ಕೂ ಕಾಲಲ್ಲಿ ಮಣ್ಣು ಹಿಡಿದು ಎದ್ದು ಬಂತು. ಬಸುರಿ ಎಮ್ಮೆಯ ಗತ್ತು ಅದರದು: ಅವಸರವಿಲ್ಲ, ಅನುಮಾನವೂ ಇಲ್ಲ. ಸ್ಟೀರಿಂಗಿನ ಮೇಲಿದ್ದ ದೇವಿಕಾಳ ಕೈಯೂ ಹಾಗೇ ಇತ್ತು.

"ಹಿಂಗ ಹೋದ್ರ ಸಂಜಿ ಆಕ್ಕೈತಿ," ಎಂದ ವೆಂಕಟಯ್ಯ, ಪಕ್ಕದಲ್ಲಿ ನಡೆಯುತ್ತ.

"ಬಾಯಿ ಮುಚ್ರಿ. ಹೊಂಟೈತಲ್ಲ!" ಎಂದಳು ಹಣಮಮ್ಮ. ಸೊಸೆಯ ಹೊಗಳಿಕೆಗೆ ಅದಕ್ಕಿಂತ ಹತ್ತಿರದ ಮಾತು ಅವಳ ಬಾಯಿಂದ ಎಂದೂ ಬಂದಿರಲಿಲ್ಲ.

ಮಂದೆ ಮುಟ್ಟಿ, ಮರಿಗಳನ್ನು ಜೀಪಿನ ಹಿಂಭಾಗದಲ್ಲಿ ಕಂಬಳಿ ಸುತ್ತಿ ಇಟ್ಟರು. ಅವುಗಳ ನಡುವೆ ವೆಂಕಟಯ್ಯ ಕೂತ. ಜೀಪು ಹೊರಟಿತು, ತಾಯಿ ಕುರಿಗಳು ವಾಸನೆ ಹಿಡಿದು ಒದರುತ್ತ ಬೆನ್ನುಹತ್ತಿದವು, ಅವನ್ನು ಬೈಯುತ್ತ ಹಣಮಮ್ಮ ಹಿಂದೆ ನಡೆದಳು. ಯಾವುದೂ ಹಿಂದುಳಿಯಲಿಲ್ಲ.

ಡಾಂಬರು ಬಂತು. "ಇನ್ನ ಬಿಡವ್ವಾ, ಜೋರ್ ಬಿಡು!" ಎಂದ ವೆಂಕಟಯ್ಯ.

ದೇವಿಕಾ ಗಿಡ್ಡ ಗೇರು ತೆಗೆದಳು, ಕನ್ನಡಿ ನೋಡಿದಳು, ಜೀಪನ್ನು ಮಾತ್ರ ಕುರಿ ನಡಿಗೆಯಲ್ಲೇ ಇಟ್ಟಳು. ಹಿಂದಿನಿಂದ ನಾರಾಯಣಪೇಟೆಯ ಬಸ್ಸು ಬಂದು ಹಾರನ್ ಒತ್ತಿ ಹಿಡಿಯಿತು. ವೆಂಕಟಯ್ಯನ ಮಡಿಲಲ್ಲಿದ್ದ ಮರಿ ಕಣ್ಣು ಬಿಟ್ಟಿತು.

ಅವನು ಎದ್ದು ನಿಂತು, ಬಸ್ಸಿನವನಿಗೆ ತೆಲುಗಿನಲ್ಲೇ ಗದರಿದ: ನಿಲ್ಲಪ್ಪಾ, ತಾಯಂದಿರು ಬರ್ತಿದ್ದಾರೆ.