ಅಡಾಕಾ ಕೇಳಿದ ಪ್ರಶ್ನೆ

ಆಪ್ ಕಟ್ಟುವವರು ಮಹಾ ಬುದ್ಧಿವಂತರು ಎಂದು ಜನ ನಂಬಿದ್ದಾರೆ. ಅವರು ತಮ್ಮ ಚಿತ್ರಗಳನ್ನು ಇಟ್ಟುಕೊಳ್ಳುವ ಚೆಂದ ನೋಡಿದರೆ ಆ ನಂಬಿಕೆ ಹಾರಿಹೋಗುತ್ತದೆ. ಆಪಿನಲ್ಲಿ ಒತ್ತುವ ಒಂದೇ ಗುಂಡಿಯ ಚಿತ್ರಕ್ಕೆ ‘ಕೊನೆಯದು’, ‘ನಿಜವಾದ ಕೊನೆಯದು’, ‘ದೇವರಾಣೆ ಕೊನೆಯದು’ ಎಂದು ಹೆಸರುಗಳು. ಅರ್ಧ ವಾಟ್ಸಾಪಿನಲ್ಲಿ, ಅರ್ಧ ಕೆಲಸ ಬಿಟ್ಟವನ ಲ್ಯಾಪ್‌ಟಾಪಿನಲ್ಲಿ.

ಈ ರಗಳೆಗೆ ಮದ್ದೆಂದು ನನ್ನೂರು ಕುಮಾಸಿಯಲ್ಲಿ ಕೂತು ನಾನು ವಿನ್ಯಾಸ ಮಾಡಿದ್ದೇ ಅಡಾಕಾ. ನಮ್ಮ ಭಾಷೆಯಲ್ಲಿ ಪೆಟ್ಟಿಗೆ ಎಂದರ್ಥ. ಆಪಿನ ಚಿತ್ರಗಳೆಲ್ಲ ಅದರೊಳಗೆ ಒಟ್ಟಿಗೆ ಕಾಣುತ್ತವೆ, ಯಾವುದು ಎಲ್ಲಿ ಬಳಕೆಯಲ್ಲಿದೆ ಎಂದು ತಿಳಿಯುತ್ತದೆ. ಫೋನಿನ ಪರದೆಯನ್ನು ಕಪ್ಪಾಗಿಟ್ಟುಕೊಳ್ಳುವವರಿಗಾಗಿ ಪ್ರತಿ ಚಿತ್ರದ ಕಪ್ಪು ರೂಪವನ್ನೂ ಅದೇ ಮಾಡಿಕೊಡುತ್ತದೆ. ಕೋಡ್ ಬರೆದವನು ನನ್ನ ಜೊತೆಗಾರ ಒಪೊಕು.

ನಮ್ಮ ರಾಜಧಾನಿ ಅಕ್ರಾದ ಲಾಮಿಲೆ ಮೇಡಂ ಅವರ ತಂಡ ಮದುವೆ, ನಾಮಕರಣ, ಶವಸಂಸ್ಕಾರಗಳಿಗೆ ಕರೆಯೋಲೆ ಕಳಿಸುವ ಆಪ್ ನಡೆಸುತ್ತದೆ. ಅವರು ತಾವು ಬಳಸುತ್ತಿದ್ದ ವಿದೇಶಿ ಸಾಧನ ಬಿಟ್ಟು ನಮ್ಮದನ್ನು ಹಿಡಿದರೆ ನಾವು ಉಳಿದೆವು. ಇಲ್ಲದಿದ್ದರೆ ಅಂಗಡಿ ಮುಚ್ಚಬೇಕು.

ಅವರ ಮುಂದೆ ನಾನು ನಾಮಕರಣದ ಚಿತ್ರವೊಂದನ್ನು ಅಡಾಕಾಕ್ಕೆ ಹಾಕಿದೆ. ಬಿಳಿ ಬಟ್ಟೆಯುಟ್ಟ ತಾಯಿ, ಮಡಿಲಲ್ಲಿ ಮಗು. ಕ್ಷಣದಲ್ಲಿ ಕಪ್ಪು ರೂಪ ಬಂತು. ತಾಯಿಯ ಬಟ್ಟೆಯೂ ಕಪ್ಪಾಗಿತ್ತು.

“ಅಯ್ಯೋ, ಹಸುಗೂಸಿನ ಮುಂದೆ ಸೂತಕದ ಕಪ್ಪು ಬಟ್ಟೆನಾ?” ಎಂದರು ಲಾಮಿಲೆ. “ನಮ್ಮ ಹಳೇ ಸಾಧನವೂ ಹೀಗೇ ಮಾಡ್ತಿತ್ತು. ಅದು ಹೊರಗಿನದು, ಗೊತ್ತಿಲ್ಲ ಅನ್ನಬಹುದು. ನೀನು ಕುಮಾಸಿಯವಳಲ್ವೇನಮ್ಮ?”

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ವಾರ ಬಿಟ್ಟು ಬರುತ್ತೇನೆ ಎಂದಷ್ಟೇ ಹೇಳಿ ಎದ್ದೆ.

ವಾಪಸ್ ಬರುವ ಬಸ್ಸಿನಲ್ಲಿ ಒಪೊಕು, “ಅಷ್ಟೇನಾ ಅಕ್ಕ? ನಾಮಕರಣ ಅಂದ್ರೆ ಬಿಳಿ, ಸಾವು ಅಂದ್ರೆ ಕಪ್ಪು. ನಾಳೆನೇ ಬರೆದು ಬಿಸಾಕ್ತೀನಿ” ಎಂದ.

“ನಿಮ್ಮಜ್ಜಿ ತುಂಬು ವಯಸ್ಸಲ್ಲಿ ಹೋದಾಗ ಏನು ಉಟ್ಟಿದ್ದೆ?”

“ಬಿಳಿ. ಚೆನ್ನಾಗಿ ಬಾಳಿ ಹೋದ್ರು ಅಂತ.”

“ಹೂಂ. ಈಗ ಬಿಸಾಕು ನಿನ್ನ ಕೋಡು.”

ನನಗೆ ದಾರಿ ಹೊಳೆದದ್ದು ಅಲ್ಲೇ. ಅಡಾಕಾ ಊಹೆ ಮಾಡಬಾರದು, ಮನೆಗೆ ಬಂದ ಮರ್ಯಾದಸ್ಥ ನೆಂಟನ ಹಾಗೆ ಕೇಳಿ ನಡೆಯಬೇಕು.

ಮುಂದಿನ ವಾರ ಲಾಮಿಲೆ ನಾನು ಒಯ್ದಿದ್ದ ಚಿತ್ರಗಳನ್ನು ಮುಟ್ಟಲೇ ಇಲ್ಲ. ತಮ್ಮ ತಂದೆಯ ಶವಸಂಸ್ಕಾರದ ಚಿತ್ರವನ್ನೇ ಹಾಕಿದರು. ಮುದುಕರು ಶತಾಯುಷಿಯಾಗಿ ಹೋಗಿದ್ದರು, ನೆಂಟರೆಲ್ಲ ಬಿಳಿ ಉಟ್ಟಿದ್ದರು. ಒಪೊಕು ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಅಡಾಕಾ ಚಿತ್ರದೊಳಗಿನ ಬಟ್ಟೆಗಳ ಸುತ್ತ ಗೆರೆ ಎಳೆದು ನಿಂತುಕೊಂಡಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಈ ಬಟ್ಟೆಯ ಬಣ್ಣ ಮುಟ್ಟಬಹುದೇ?’

ಲಾಮಿಲೆ ‘ಬೇಡ’ ಒತ್ತಿದರು. ಆಕಾಶ, ಗೋಡೆ, ಅಂಗಳ ಎಲ್ಲ ಕಪ್ಪಿಗೆ ಇಳಿದವು. ಅವರ ಮನೆಯವರು ಮಾತ್ರ ಬಿಳಿ ಬಟ್ಟೆಯಲ್ಲಿ ನಿಂತೇ ಇದ್ದರು. ಲಾಮಿಲೆ ಚಿತ್ರವನ್ನು ದೊಡ್ಡದು ಮಾಡಿ ಒಬ್ಬೊಬ್ಬರನ್ನೇ ನೋಡಿದರು. ನನಗೆ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಆಮೇಲೆ ತಮ್ಮ ಹುಡುಗರತ್ತ ತಿರುಗಿ, “ಹಳೇದನ್ನ ಇವತ್ತೇ ತೆಗೆದುಹಾಕ್ರಪ್ಪ” ಎಂದರು. ಮತ್ತೆ ನಮ್ಮಿಬ್ಬರನ್ನೂ ನೋಡಿ ಕೇಳಿದರು, “ಇದಕ್ಕೆ ಕೇಳಿ ಮಾಡೋದನ್ನ ಕಲಿಸಿದ್ದು ಯಾರು?”

ಇಂಥ ಕಡೆ ‘ನಮ್ಮ ತಂಡ’ ಎನ್ನುವುದು ವಾಡಿಕೆ. ಒಪೊಕು ಅದನ್ನು ಹೇಳಲು ಬಾಯಿಯನ್ನೂ ತೆರೆದಿದ್ದ.

“ನಾನು” ಎಂದೆ.