ಫೋನ್ ಬರುವ ಮೊದಲು

ಇಂಟರ್‌ವ್ಯೂ ಅಂದರೆ ಸಾಕು, ಲಂಡನ್ನಿನ ಕನ್ನಡದವರೆಲ್ಲ ಮೇಷ್ಟ್ರಾಗಿಬಿಡುತ್ತಾರೆ. ಮಾತುಮಾತಿಗೆ ಸರ್ ಅನ್ನಬೇಡ, ತಲೆ ಅಲ್ಲಾಡಿಸಬೇಡ, ನಗುನಗುತ್ತಾ ಮಾತಾಡು, ಆದರೆ ಜಾಸ್ತಿ ನಗಬೇಡ. ನನ್ನ ಗಂಡ ವಾಸುವಂತೂ, ಕಂಪ್ಯೂಟರ್ ಬಿಟ್ಟು ಬೇರೇನನ್ನೂ ಬಿಚ್ಚಿ ನೋಡದ ಮನುಷ್ಯ, "ಕೋಪ ಮಾಡ್ಕೋಬೇಡ ಮೈತ್ರೇಯಿ, ಅದೊಂದು ನೋಡ್ಕೋ ಸಾಕು" ಅಂದ. ಅದಕ್ಕೇ ಕೋಪ ಬಂತು ನನಗೆ.

ಅದು ಎರಡು ಸಾವಿರದ ಒಂದನೇ ಇಸವಿಯ ಮಾರ್ಚ್. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಬಂದು, ಇಲ್ಲಿನ ಪರೀಕ್ಷೆಯನ್ನೂ ಪಾಸು ಮಾಡಿ, ಒಂದು ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ತಾತ್ಕಾಲಿಕ ಕೆಲಸ ಮಾಡಿಕೊಂಡಿದ್ದೆ. ಸರ್ಜನ್ ಆಗಲು ಅದು ಸಾಲದು, ಮೂರು ವರ್ಷದ ತರಬೇತಿಯ ಸೀಟು ಸಿಗಬೇಕು. ಎರಡು ಸಲ ಇಂಟರ್‌ವ್ಯೂಗೆ ಹೋಗಿ ಎರಡು ಸಲವೂ ಬರಿಗೈಯಲ್ಲಿ ಬಂದಿದ್ದೆ. ಇದು ಮೂರನೆಯದು. ಬೇಸಿಗೆ ಕಳೆಯುವುದರೊಳಗೆ ನನ್ನ ಕೆಲಸ ಮುಗಿಯುತ್ತಿತ್ತು. ಈ ಸಲವೂ ಸಿಗದಿದ್ದರೆ ಸರ್ಜರಿಗೆ ಕೈಮುಗಿದು ಬೇರೆ ಏನನ್ನಾದರೂ ಹಿಡಿಯುವುದು ಅಂತ ನಾನೇ ತೀರ್ಮಾನ ಮಾಡಿದ್ದೆ. ಬಾಯಲ್ಲಿ ಹೇಳುವುದು ಸುಲಭ.

ಈ ಸಲ ನನಗೊಂದು ಬಲವಿತ್ತು. ನಾನು ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದೆನೋ ಆ ಹಿರಿಯ ಸರ್ಜನ್, ನಾರಾಯಣಸ್ವಾಮಿ ಸರ್. ನಮ್ಮ ಮೈಸೂರಿನವರೇ. ಇಲ್ಲಿ ಕನ್ಸಲ್ಟೆಂಟ್ ಅಂತ ಕರೆಯುವ ಬೇರೆ ಹಿರಿಯ ಸರ್ಜನ್‌ಗಳ ಹುಡುಗರು ಗಂಟೆಗಟ್ಟಲೆ ಗಾಯ ಅಗಲಿಸಿ ಹಿಡಿದು ನಿಂತು ಸೊಂಟ ಹಿಡಿಸಿಕೊಳ್ಳುತ್ತಿದ್ದರೆ, ಸರ್ ನನ್ನ ಕೈಗೇ ಕತ್ತರಿ ಕೊಟ್ಟುಬಿಡುತ್ತಿದ್ದರು. "ನೀನೇ ಮಾಡಮ್ಮ, ನಾನಿದ್ದೀನಲ್ಲ." ಹರ್ನಿಯಾ, ಅಪೆಂಡಿಕ್ಸ್ ಎಲ್ಲ ನಾನೇ. ದೊಡ್ಡ ಕೇಸಾದರೆ ನನಗಿಂತ ಮೇಲಿನ ಡಾಕ್ಟರಾದ ರಿಜಿಸ್ಟ್ರಾರ್‌ಗೆ ಬಿಡುತ್ತಿದ್ದರು. ಸರ್ ಪಕ್ಕದಲ್ಲಿ ಕೈಕಟ್ಟಿ ನಿಂತು ಬಾಯಲ್ಲೇ ದಾರಿ ತೋರಿಸುತ್ತಿದ್ದರು. ಇಂಥ ಗುರು ಸಿಗಲು ಪುಣ್ಯ ಮಾಡಿರಬೇಕು ಅಂತ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಮೆರೆದಿದ್ದೆ.

ಇಂಟರ್‌ವ್ಯೂ ಇದ್ದದ್ದು ಮಧ್ಯಾಹ್ನ, ಕ್ವೀನ್ಸ್‌ಬರಿಯ ಸರ್ ಮನೆಗೆ ಹತ್ತಿರದ ಇನ್ನೊಂದು ಆಸ್ಪತ್ರೆಯಲ್ಲಿ. "ಬೆಳಿಗ್ಗೆ ಮನೆಗೆ ಬಾ, ಊಟ ಮಾಡ್ಕೊಂಡು ಹೋಗು. ಮೊದಲು ಒಂದು ರೌಂಡ್ ನಾನೇ ನಿನ್ನ ಅರೀತೀನಿ" ಅಂದಿದ್ದರು. ನಮ್ಮ ಮನೆಯಿದ್ದ ಇಲ್ಫರ್ಡ್‌ನಿಂದ ರೈಲು, ಸುರಂಗದ ಟ್ಯೂಬ್ ರೈಲು ಬದಲಿಸಿಕೊಂಡು, ಹೊಸ ಕೋಟಿಗೆ ಯಾರೂ ಒರಗದ ಹಾಗೆ ನೋಡಿಕೊಂಡು ಹೋದೆ.

ಬಾಗಿಲು ತೆರೆದವರು ಅವರ ಹೆಂಡತಿ ಕಲ್ಯಾಣಿ ಆಂಟಿ. "ಬಾಮ್ಮ, ಸರಿಯಾದ ಹೊತ್ತಿಗೆ ಬಂದೆ. ಈಗ ತಾನೇ ಪೂಜೆ ಆಯ್ತು."

ಸರ್ ಪಂಚೆಯ ಮೇಲೊಂದು ಸ್ವೆಟರ್ ಹಾಕಿಕೊಂಡು, ತೀರ್ಥದ ಬಟ್ಟಲು ಹಿಡಿದು ದೇವರ ಗೂಡಿನ ಕಡೆಯಿಂದ ಬಂದರು. ನಾನು ಬಗ್ಗಿ ಬಲಗೈ ಚಾಚಿದೆ. ಉದ್ಧರಣೆಯಲ್ಲಿ ತೀರ್ಥ ಎತ್ತಿದರು. ಬಟ್ಟಲಿನಿಂದ ನನ್ನ ಅಂಗೈಗೆ ಗೇಣು ದೂರವೂ ಇರಲಿಲ್ಲ. ಅಷ್ಟರಲ್ಲೇ ಆ ಪುಟ್ಟ ಚಮಚ ನಡುಗಿ ಬಟ್ಟಲಿನ ಅಂಚಿಗೆ ಟಣಟಣ ಬಡಿಯಿತು. ತೀರ್ಥ ನನ್ನ ಅಂಗೈಗೆ ಬೀಳದೆ ಕೋಟಿನ ತೋಳಿಗೆ ಬಿತ್ತು. ಮತ್ತೊಮ್ಮೆ ಎತ್ತಿದರು. ಅದು ನೆಲದ ಪಾಲಾಯಿತು.

"ಇವರಿಗೆ ಎಲ್ಲದಕ್ಕೂ ಅವಸರ" ಎಂದು ಆಂಟಿ ನಡುವೆ ಬಂದರು. ಕಸಿದುಕೊಂಡ ಹಾಗೆ ಬಟ್ಟಲು ತೆಗೆದುಕೊಂಡು ತಾವೇ ನನಗೆ ತೀರ್ಥ ಕೊಟ್ಟರು. ಸೆರಗಿನಿಂದ ನನ್ನ ತೋಳು ಒರೆಸಿದರು. ಒರೆಸುವಾಗ ನನ್ನ ಮುಖ ನೋಡಲಿಲ್ಲ.

ಅಲ್ಲ, ಅವಸರ ಯಾವುದು ನಡುಕ ಯಾವುದು ಅಂತ ಒಬ್ಬ ಡಾಕ್ಟರಿಗೆ ಗೊತ್ತಾಗುವುದಿಲ್ಲವೇ? ಆಂಟಿ ಕಾಫಿ ತಂದರು. ನನಗೆ ಲೋಟದ ತುಂಬ, ಸರ್‌ಗೆ ಅರ್ಧ ಲೋಟ. ತೊಡೆಯ ಮೇಲೆ ಸುಮ್ಮನಿದ್ದ ಅವರ ಬಲಗೈ ಲೋಟಕ್ಕೆ ಚಾಚಿದ ಕೂಡಲೇ ಮತ್ತೆ ಅದುರಿತು. "ಇನ್ನೂ ಬಿಸಿ ಇದೆ" ಅಂತ ಹಿಂದಕ್ಕೆ ತೆಗೆದುಕೊಂಡರು. ಅರ್ಧ ಲೋಟದ ಗುಟ್ಟು ಆಗ ತಿಳಿಯಿತು ನನಗೆ.

ನೀನೇ ಮಾಡಮ್ಮ, ನಾನಿದ್ದೀನಲ್ಲ. ಅಯ್ಯೋ ದೇವರೇ! ಇವರು ನನಗೆ ಕಲಿಸಬೇಕು ಅಂತ ಕತ್ತರಿ ಕೊಟ್ಟಿರಲಿಲ್ಲ, ಹಿಡಿಯಲಾಗದೆ ಕೊಟ್ಟಿದ್ದರು. ಗುರುವಿನ ಕೃಪೆ ಅಂತ ನಾನು ಊರಿಗೆಲ್ಲ ಡಂಗುರ ಸಾರಿದ್ದೇ ಸಾರಿದ್ದು. ಮೈಯೆಲ್ಲ ಉರಿದುಹೋಯಿತು. ಆ ಉರಿ ಆರುವ ಮೊದಲೇ ನಾಳೆಯ ಕೇಸು ನೆನಪಾಯಿತು.

ನಾಳೆ ಇದ್ದದ್ದು ದೊಡ್ಡ ಆಪರೇಷನ್. ಬಸ್ ಡ್ರೈವರ್ ಆಗಿ ನಿವೃತ್ತನಾದ ಒಬ್ಬ ಮುದುಕನಿಗೆ ಕರುಳಿನ ಕ್ಯಾನ್ಸರ್. ನನ್ನ ಕೈಲಿ ಆಗುವಂಥದ್ದಲ್ಲ, ರಿಜಿಸ್ಟ್ರಾರ್ ರಜೆಯ ಮೇಲಿದ್ದ. ಸರ್ ತಾವೇ ಮಾಡಬೇಕು. ನಿನ್ನೆ ತಾನೇ ಆ ಮುದುಕ ನನ್ನ ಕೈಹಿಡಿದು, ನಿಮ್ಮ ಬಾಸ್ ಹೇಗೆ ಅಂತ ಕೇಳಿದ್ದ. ಅವರಿಗಿಂತ ಒಳ್ಳೆಯ ಕೈ ನಿಮಗೆ ಸಿಗುವುದಿಲ್ಲ ಅಂತ ಭರವಸೆ ಕೊಟ್ಟು ಬಂದಿದ್ದೆ.

ಸರ್ ಕನ್ನಡಕ ಏರಿಸಿ ಶುರು ಮಾಡಿದರು. "ಸರಿ, ನಾನೀಗ ಇಂಟರ್‌ವ್ಯೂ ಪ್ಯಾನೆಲ್. ಗ್ಯಾರಂಟಿ ಕೇಳೋ ಪ್ರಶ್ನೆ ಇದು. ನಿನ್ನ ಕನ್ಸಲ್ಟೆಂಟ್ ಬೆಳಿಗ್ಗೆ ಕುಡಿದು ಬಂದಿದ್ದಾನೆ. ಆಪರೇಷನ್ ಶುರುವಾಗಬೇಕು. ನೀನೇನು ಮಾಡ್ತೀಯ?"

ಇಂಟರ್‌ವ್ಯೂಗೆ ಹೋಗುವವರೆಲ್ಲ ಉರುಹೊಡೆದ ಪ್ರಶ್ನೆ ಅದು. ನಾನೂ ಒಪ್ಪಿಸಿದೆ: ಮೊದಲು ರೋಗಿಯ ಸುರಕ್ಷತೆ. ಕನ್ಸಲ್ಟೆಂಟನ್ನು ಪಕ್ಕಕ್ಕೆ ಕರೆದು, ಆಪರೇಷನ್ ಮಾಡಬೇಡಿ ಅಂತ ಹೇಳುತ್ತೇನೆ. ಕೇಳದಿದ್ದರೆ ಮೇಲಿನವರಿಗೆ ತಿಳಿಸುತ್ತೇನೆ.

"ಗಿಳಿಪಾಠ" ಅಂದರು ಸರ್. "ನಿಜವಾಗ್ಲೂ ಅವನು ಎದುರಿಗಿದ್ದಾನೆ ಅಂದ್ಕೊಂಡು ಹೇಳು."

ನಾನು ಬಾಯಿ ತೆರೆದೆ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಆಂಟಿಯ ಸೌಟಿನ ಸದ್ದು ನಿಂತಿತು. ಎದುರಿಗಿದ್ದಾರೆ ಸರ್, ಎದುರಿಗೇ ಇದ್ದಾರೆ! ನಾಲಿಗೆಯ ತುದಿಯವರೆಗೆ ಬಂತು. ಮಾತಿಗೆ ಮುಂಚೆ ಸಿಡಿಯುವವಳು ಅಂತ ಹೆಸರು ತೆಗೆದುಕೊಂಡ ನನಗೆ ಆ ಹೊತ್ತು ನಾಲಿಗೆ ಹೊರಳಲಿಲ್ಲ. "ಪ್ರಾಕ್ಟೀಸ್ ಮಾಡ್ತೀನಿ ಸರ್" ಅಂದೆ.

ಊಟದ ಶಾಸ್ತ್ರ ಮುಗಿಸಿದೆ. ಹೊರಡುವಾಗ ಆಂಟಿ ಗೇಟಿನವರೆಗೂ ಬಂದರು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ ಅವರು.

"ನೋಡಿದೆ ಅಲ್ವಾ? ಈ ವರ್ಷ ಕಳೆದ್ರೆ ರಿಟೈರ್ ಆಗ್ತಾರೆ, ಮೈತ್ರೇಯಿ. ಇಷ್ಟು ವರ್ಷ ದುಡಿದಿದ್ದಾರೆ, ಮರ್ಯಾದೆಯಿಂದ ಹೊರಗೆ ಬರಲಿ. ನಾಳೆ ಬೆಳಿಗ್ಗೆ ಒಂದು ಮಾತ್ರೆ ತಗೋತಾರೆ, ಕೈ ಸ್ವಲ್ಪ ನಿಲ್ಲತ್ತೆ."

"ನಿಲ್ಲದಿದ್ರೆ ಆಂಟಿ?"

ಅವರು ಗೇಟಿನ ಚಿಲಕ ತೆಗೆದರು. "ನಿನ್ನ ಪ್ಯಾನೆಲ್‌ನ ಅಧ್ಯಕ್ಷ ಇವರ ಜೊತೆ ಟ್ರೇನಿಂಗ್ ಮಾಡಿದವನು. ಸಾಯಂಕಾಲ ನಿನ್ನ ವಿಷಯ ಕೇಳೋಕೆ ಇಲ್ಲಿಗೇ ಫೋನ್ ಮಾಡ್ತಾನೆ. ಇವರು ಒಂದು ಮಾತು ಹೇಳಿದ್ರೆ ಸೀಟು ನಿಂದೇ." ನನ್ನ ಕೋಟಿನ ಕಾಲರ್ ಸರಿಮಾಡಿದರು. "ಹೋಗಿ ಬಾ, ಒಳ್ಳೇದಾಗತ್ತೆ."

ಬೆದರಿಕೆಯೋ ಹಾರೈಕೆಯೋ, ಆ ತಾಯಿಗೂ ಗೊತ್ತಿರಲಿಲ್ಲ ಅನಿಸುತ್ತದೆ.

ಇಂಟರ್‌ವ್ಯೂ ಕೋಣೆಯಲ್ಲಿ ಮೂವರಿದ್ದರು. ನಡುವೆ ಕೂತ ಬಿಳಿಗೂದಲಿನ ಎತ್ತರದ ಮನುಷ್ಯ ಅಧ್ಯಕ್ಷ. ನಾನು ಮಾಡಿದ ಆಪರೇಷನ್‌ಗಳ ಬಗ್ಗೆ ಕೇಳಿ ಹುಬ್ಬೇರಿಸಿದರು. "ನಿಮ್ಮ ಹಂತದಲ್ಲಿ ಇಷ್ಟು ಅನುಭವ ಇರುವವರನ್ನು ಇವತ್ತು ನಾವು ನೋಡಿಯೇ ಇಲ್ಲ. ನಾರಾಯಣಸ್ವಾಮಿ ಧಾರಾಳಿ ಅಂತ ಕಾಣುತ್ತೆ."

"ತುಂಬಾ ಕಲಿಸಿದ್ದಾರೆ" ಅಂದೆ. ಆ ಮಾತೇನೂ ಸುಳ್ಳಲ್ಲ. ಆದರೂ ಬೆನ್ನು ಬೆವೆತು ಅಂಗಿ ಅಂಟಿಕೊಂಡಿತು.

ಕೊನೆಯಲ್ಲಿ ಬಂತು ಆ ಪ್ರಶ್ನೆ. ಕುಡಿದು ಬಂದ ಕನ್ಸಲ್ಟೆಂಟ್. ನಾನು ಗಿಳಿಪಾಠ ಒಪ್ಪಿಸಿದೆ. ಮೂವರೂ ತಲೆದೂಗಿದರು. ಅಲ್ಲಿಗೆ ಮುಗಿಯಬೇಕಿತ್ತು, ಎದ್ದು ಬರಬೇಕಿತ್ತು. ಅಧ್ಯಕ್ಷ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಎಲ್ಲರೂ ಇದನ್ನೇ ಹೇಳುತ್ತಾರೆ ಡಾಕ್ಟರ್. ಆ ಕನ್ಸಲ್ಟೆಂಟ್ ನಿಮಗೆ ಬೇಕಾದವರು ಅಂದುಕೊಳ್ಳಿ. ನಿಮ್ಮ ಸೀಟು ಅವರ ಒಂದು ಮಾತಿನ ಮೇಲೆ ನಿಂತಿದೆ. ಆಗ ಯಾವಾಗ ಹೇಳುತ್ತೀರಿ?" ಅಂದರು.

ಇವರಿಗೆ ಗೊತ್ತೇ? ಮುಖ ನೋಡಿದೆ. ಗೊತ್ತಿರಲಿಲ್ಲ. ಸಂಜೆಯೊಳಗೆ ಮನೆಗೆ ಹೋಗುವ ಆತುರದಲ್ಲಿದ್ದ ಮುದುಕ, ಅಷ್ಟೆ. ಸೀಟು ಸಿಕ್ಕ ಮೇಲೆ ಹೇಳುತ್ತೇನೆ ಅಂತ ನನ್ನ ಮನಸ್ಸು ಬಡಕೊಳ್ಳುತ್ತಿತ್ತು. ಬೆಳಗಿನಿಂದ ಒಳಗೊಳಗೇ ಅದೇ ಲೆಕ್ಕಾಚಾರ ನಡೆದಿತ್ತು. ಇವತ್ತು ಫೋನ್ ಬರಲಿ, ನಾಳೆ ಬೇಗ ಹೋಗಿ ಹೇಗೋ ಹೇಳಿದರಾಯಿತು. ಎಂಥ ಜಾಣೆ ನಾನು! ನನ್ನ ಮೇಲೇ ಥೂ ಅನಿಸಿತು.

"ನೀವು ಅವರಿಗೆ ಫೋನ್ ಮಾಡುವ ಮೊದಲು ಹೇಳುತ್ತೇನೆ" ಅಂದೆ.

ಅಧ್ಯಕ್ಷ ಗಟ್ಟಿಯಾಗಿ ನಕ್ಕರು. ಚುರುಕಿನ ಉತ್ತರ ಅಂದುಕೊಂಡಿರಬೇಕು. "ಹಾಗಾದರೆ ಬೇಗ ಹೊರಡಿ. ಇನ್ನೊಬ್ಬರನ್ನು ನೋಡಿ ಮುಗಿಸಿದ ಕೂಡಲೇ ಮಾಡುತ್ತೇನೆ."

ಹೊರಗೆ ಬಂದವಳೇ ಓಡಿದೆ. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಹೈಹೀಲ್ಡ್ ಚಪ್ಪಲಿ ಕಾಲನ್ನು ಕಚ್ಚುತ್ತಿತ್ತು. ದಾರಿಯುದ್ದಕ್ಕೂ ಒಂದೊಂದು ವಾಕ್ಯ ಕಟ್ಟುತ್ತಿದ್ದೆ, ಒಂದೊಂದನ್ನೂ ಮುರಿಯುತ್ತಿದ್ದೆ. ಮೂರನೇ ಸಲವೂ ಸೋತು, ಸೋತದ್ದಲ್ಲದೆ ಗುರುದ್ರೋಹಿ ಅನ್ನಿಸಿಕೊಂಡು ಇಲ್ಫರ್ಡ್‌ಗೆ ಮರಳುವ ನನ್ನ ಮುಖ ಎದುರಿಗೆ ಬಂದು ಅಳುವೇ ಬಂತು. ಅಳುತ್ತಲೇ ಓಡಿದೆ. ದಾರಿಹೋಕರು ನೋಡಿದರೆ ನೋಡಲಿ.

ಬಾಗಿಲು ತೆರೆದ ಆಂಟಿ ನನ್ನನ್ನು ನೋಡಿ ಅಡ್ಡ ನಿಂತರು. "ಬೇಡಮ್ಮ" ಅಂದರು, ಮೆಲ್ಲಗೆ. ಅವರನ್ನು ಸರಿಸಿಕೊಂಡು ಒಳಗೆ ಹೋದೆ.

ಸರ್ ಫೋನಿನ ಪಕ್ಕದ ಕುರ್ಚಿಯಲ್ಲಿದ್ದರು. "ಹೇಗಾಯ್ತಮ್ಮ?"

"ಕೊನೇ ಪ್ರಶ್ನೆಗೆ ಉತ್ತರ ಹೇಳೋಕೆ ಬಂದೆ ಸರ್. ನೀವು ಹೇಳಿದ ಹಾಗೆ, ಎದುರಿಗಿಟ್ಕೊಂಡು." ಉಸಿರು ಸಿಕ್ಕುತ್ತಿರಲಿಲ್ಲ. "ನಾಳೆ ಆಪರೇಷನ್ ನೀವು ಮಾಡಬಾರದು. ನಿಮ್ಮ ಕೈ ನಿಲ್ತಿಲ್ಲ. ನೀವೇ ಹೇಳಿ ಬಿಟ್ಟುಕೊಟ್ರೆ ಸರಿ. ಇಲ್ದಿದ್ರೆ ನಾಳೆ ಬೆಳಿಗ್ಗೆ ನಾನೇ ಹೋಗಿ ಮೇಲಿನವರಿಗೆ ಹೇಳ್ತೀನಿ. ಕ್ಷಮಿಸಿ ಸರ್. ಆದ್ರೆ ಹೇಳ್ತೀನಿ."

ಅವರ ಮುಖ ಕಪ್ಪಿಟ್ಟಿತು. "ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ? ನಿನ್ನ ಕೈಗೆ ಕತ್ತರಿ ಕೊಟ್ಟವನು ನಾನು!"

"ಯಾಕೆ ಕೊಟ್ರಿ ಸರ್?" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಫೋನ್ ಬಡಿದುಕೊಂಡಿತು.

ಸರ್ ಅದನ್ನೇ ನೋಡುತ್ತಾ ಕೂತರು. ಆಂಟಿ ಗೋಡೆ ಹಿಡಿದುಕೊಂಡು ನಿಂತಿದ್ದರು. ಕೊನೆಗೆ ಸರ್ ರಿಸೀವರನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಒತ್ತಿಕೊಂಡರು. ಇಂಗ್ಲಿಷಿನಲ್ಲಿ ಹೂಂ, ಹೂಂ ಅಂದರು. "ಕೆಲಸ ಚೆನ್ನಾಗಿ ಮಾಡುತ್ತಾಳೆ... ಕೋಪ ಜಾಸ್ತಿ... ಹೌದು, ಬಹಳ ಜಾಸ್ತಿ." ಆಮೇಲೆ ಆ ಕಡೆಯಿಂದ ನನ್ನ ಕೊನೆಯ ಉತ್ತರದ ಬಗ್ಗೆ ಕೇಳಿರಬೇಕು, ನನ್ನ ಕಡೆ ತಿರುಗಿದರು. ನಾನು ಹಲ್ಲು ಕಚ್ಚಿ ನೆಲ ನೋಡುತ್ತಾ ನಿಂತೆ.

"ಅದು ಬರೀ ಬಾಯಿಮಾತಲ್ಲ" ಅಂದರು ಸರ್. "ಹೇಳುವವಳೇ. ಈಗ ತಾನೇ ನನಗೇ ಹೇಳಿದಳು." ಕಿಟಕಿಯ ಕಡೆ ತಿರುಗಿದರು. "ಇನ್ನೊಂದು ವಿಷಯ. ನಾಳೆ ನನ್ನದೊಂದು ಕರುಳಿನ ಕೇಸಿದೆ. ನೀನು ಬಂದು ಮಾಡಿಕೊಡುತ್ತೀಯಾ? ನನ್ನ ಕೈ ಸರಿಯಿಲ್ಲ. ಇಲ್ಲ, ನಾಳೆಗೊಂದೇ ಅಲ್ಲ."

ರಿಸೀವರ್ ಅದರ ಜಾಗದಲ್ಲಿ ಕೂರಲು ಒಂದಷ್ಟು ಹೊತ್ತು ಹಿಡಿಯಿತು. ಸಹಾಯಕ್ಕೆ ಹೋಗಬಾರದು ಅಂತ ನಾನು ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ಸೀಟು ನಿನಗೇ ಅಂತೆ" ಅಂದರು. "ನಾಳೆ ಅವನ ಜೊತೆ ನಿಂತ್ಕೋ. ಗಾಯ ಅಗಲಿಸಿ ಹಿಡ್ಕೊಂಡು ಸುಮ್ಮನೆ ನೋಡು. ಅವನು ನಿನ್ನ ಕೈಗೆ ಕತ್ತರಿ ಕೊಡಲ್ಲ."

ಆಗ ನಾನು ಅತ್ತೆ, ಗೊಳೋ ಅಂತ. ಆಂಟಿ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ನೇರ ಅಡುಗೆಮನೆಗೆ ಹೋದರು. ಬಹಳ ಹೊತ್ತಿನ ಮೇಲೆ ಮೂರು ಲೋಟ ಕಾಫಿ ತಂದಿಟ್ಟರು. ಈ ಸಲ ಸರ್ ಲೋಟವೂ ಅಂಚಿನವರೆಗೆ ತುಂಬಿತ್ತು.

ಸರ್ ಅದನ್ನು ನೋಡಿದರು, ಹೆಂಡತಿಯ ಮುಖ ನೋಡಿದರು. ಎರಡೂ ಕೈಯಲ್ಲಿ ಎತ್ತಿದರು. ಸ್ವೆಟರಿನ ಮೇಲೆ, ಪಂಚೆಯ ಮೇಲೆ ಚೆಲ್ಲಿಕೊಂಡು ಕುಡಿದರು. ಒರೆಸಲು ಯಾರೂ ಏಳಲಿಲ್ಲ.