ಸುಲಭೆ ತನ್ನ ಕುಲ ಹೇಳಿದ ದಿನ

ಗುಡಿಯ ಕಟ್ಟೆ ಏರುವ ಮೊದಲೇ ಯಶೋಧರಾ ತಪ್ಪು ಮಾಡಿಯಾಗಿತ್ತು.

ಚಹಾದ ಕಪ್ಪನ್ನು ಕೈಗಿಡುತ್ತ, ಪುರಾಣ ಕೇಳಲು ಬಂದಿದ್ದ ಯಂಕಮ್ಮ ಕೇಳಿದ್ದಳು: "ಬಾಯಾರ, ನೀವು ಯಾರ ಪೈಕಿ?"

"ವಾಡಿಯವರ್ರಿ. ಈಗ ಚಿತ್ತಾಪುರ ಕಾಲೇಜಿನಾಗ ಕನ್ನಡ ಕಲಸ್ತೀನಿ."

"ಊರು ಕೇಳಿದ್ನೇನು ನಾ? ಇರ್ಲಿ ಬಿಡ್ರಿ, ಹೆಸರ ಹೇಳ್ತದ. ಮಳಖೇಡದ ಬಸದಿ ಕಡೆ ಮಂದಿ. ಜೈನರು, ಹೌದಿಲ್ಲೋ?"

ಯಶೋಧರಾ ನಕ್ಕಳು. ಆ ನಗೆಯೇ ಉತ್ತರವಾಯಿತು. ತಾನು ಬೌದ್ಧಳು, ಅಜ್ಜ ಊರಾಚೆಯ ಕೇರಿಯಲ್ಲಿ ಹುಟ್ಟಿದವನು ಎಂದು ಹೇಳಲಿಲ್ಲ. ಹೇಳಿದ್ದರೆ ಪುರಾಣದ ಅರ್ಥ ವಿವರಿಸುವ ಪೀಠ ಅವಳಿಗೆ ಸಿಗುತ್ತಿರಲಿಲ್ಲ.

ಸುಲೇಪೇಟದ ಆಚೆಗಿನ ಆ ಊರಿನ ಗುಡಿಯಲ್ಲಿ ಶ್ರಾವಣದ ಪ್ರತಿ ಮಧ್ಯಾಹ್ನ ಪುರಾಣ ನಡೆಯುತ್ತಿತ್ತು. ಕೆಳಗೆ ಕುಳಿತವರು ಗ್ರಂಥದ ಒಂದು ಭಾಗ ಓದಿ ನಿಲ್ಲಿಸಬೇಕು. ಪೀಠದ ಮೇಲಿನವರು ಅದರ ಅರ್ಥ ಹೇಳಬೇಕು. ಒಮ್ಮೆ ತೆರೆದ ಅಧ್ಯಾಯ ಮುಗಿಯುವವರೆಗೆ ಪೀಠದಿಂದ ಯಾರೂ ಇಳಿಯುವಂತಿಲ್ಲ. ನಡುವೆ ಗ್ರಂಥ ಮುಚ್ಚುವ ಅಧಿಕಾರ ಓದುವವರೊಬ್ಬರಿಗೇ. ಮುಚ್ಚಿದರೆ ಪುರಾಣ ಭಂಗವಾದಂತೆ. ಓದುವ ಕೆಲಸ ಇಪ್ಪತ್ತು ವರ್ಷಗಳಿಂದ ವಿಧವೆ ಮಹಾದೇವಮ್ಮನದು. ಪೀಠದ ಮೇಲೆ ಮಾತ್ರ ಈವರೆಗೆ ಹೆಂಗಸು ಕುಳಿತಿರಲಿಲ್ಲ. ಶಾಸ್ತ್ರಿಗಳು ಹಾಸಿಗೆ ಹಿಡಿದಿದ್ದರಿಂದ, ಪುರಾಣ ನಡೆಸುವ ಹಿರಿಯರಾದ ನಿವೃತ್ತ ಹೆಡ್‌ಮಾಸ್ತರ ದೇವೀಂದ್ರಪ್ಪ, ರೇಡಿಯೋದಲ್ಲಿ ಯಶೋಧರಾಳ ಭಾಷಣ ಕೇಳಿ ಇವಳನ್ನು ಒಂದು ದಿನದ ಮಟ್ಟಿಗೆ ಕರೆಸಿದ್ದರು.

ಅವಳು ಆರಿಸಿಕೊಂಡದ್ದು ಸುಲಭೆಯ ಪ್ರಸಂಗ. ಒಂಟಿಯಾಗಿ ಭೂಮಿ ಸುತ್ತುವ ಸನ್ಯಾಸಿನಿ ಸುಲಭೆ ಜನಕರಾಜನ ಜ್ಞಾನವನ್ನು ಪರೀಕ್ಷಿಸಲು ಅವನ ಸಭೆಗೆ ಬರುತ್ತಾಳೆ. ತಾನು ಎಲ್ಲ ಬಂಧನ ಕಳೆದುಕೊಂಡವನೆಂದು ಹೇಳಿಕೊಳ್ಳುವ ರಾಜ ಅವಳನ್ನು ಕೇಳುತ್ತಾನೆ: ನೀನು ಯಾರವಳು? ಎಲ್ಲಿಂದ ಬಂದೆ?

"ಎಲ್ಲಾ ಬಿಟ್ಟೀನಿ ಅನ್ನೋ ರಾಜಾಗ ಇದೊಂದು ಬಿಡ್ಲಿಕ್ಕಾಗಿರಲಿಲ್ಲ," ಎಂದಳು ಯಶೋಧರಾ. ಹೆಂಗಸರ ಸಾಲಿನಲ್ಲಿ ನಗೆ ಹರಿಯಿತು.

"ಯಂಕವ್ವನ ಬುದ್ಧಿನೇ ರಾಜಾಗೂ!" ಎಂದು ಯಾರೋ ಚುಚ್ಚಿದರು. ಯಂಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆಗಲೇ ಯಶೋಧರಾಳ ತಂದೆ ವಿಠೋಬಾ ಒಳಗೆ ಬಂದದ್ದು. ವಾಡಿ ಸ್ಟೇಷನ್ನಿನ ಹಳಿಗಳ ಮೇಲೆ ಮೂವತ್ತೈದು ವರ್ಷ ಗ್ಯಾಂಗ್‌ಮನ್ ಆಗಿ ದುಡಿದ ಮುದುಕ. ಮಗಳು ಬೇಡವೆಂದಿದ್ದರೂ ಎರಡು ಬಸ್ಸು ಬದಲಿಸಿ ಬಂದಿದ್ದ. ಎಲ್ಲರೂ ಚಪ್ಪಲಿ ಬಿಟ್ಟಿದ್ದ ಜಾಗದಲ್ಲೇ ನೆಲಕ್ಕೆ ಹಾಸಿದ ಪರ್ಸಿಕಲ್ಲಿನ ಮೇಲೆ ಕುಳಿತ. ಪಕ್ಕದವನು ಅವನತ್ತ ಬಾಗಿ ಮೆಚ್ಚಿಕೆಯಿಂದ ಹೇಳಿದ: "ಜೈನರ ಹೆಣ್ಮಗಳಂತ. ಭಾಳ ಛಲೋ ಹೇಳಾಕತ್ಯಾಳ."

ವಿಠೋಬಾ ತಲೆ ಎತ್ತಿ ಪೀಠದತ್ತ ನೋಡಿದ.

ಮಹಾದೇವಮ್ಮ ನೀರು ಕುಡಿಯಲು ಓದು ನಿಲ್ಲಿಸಿದಾಗ ದೇವೀಂದ್ರಪ್ಪ ಹೊಸಬನತ್ತ ತಿರುಗಿದರು. "ಯಾವೂರ್ರಿ ಹಿರಿಯಾರ?"

"ವಾಡಿರೀ."

"ಹಂಗಾರ ನಮ್ಮ ಬಾಯಾರು ನಿಮಗ ಗುರ್ತಿನವರು?"



"ಇಲ್ರಿ ಸಾಹೇಬ್ರ," ಎಂದ ಅಪ್ಪ. "ಮೈಕಿನ ಆವಾಜ್ ಕೇಳಿ ಬಂದೀನಿ. ಅವರ್ಯಾರೋ, ನಾ ಯಾರೋ."

ಅವನ ದನಿಯಲ್ಲಿ ಮುನಿಸಿರಲಿಲ್ಲ. ಮಗಳ ಪೀಠ ಉಳಿಯಲೆಂದು ಅವನು ಮಗಳನ್ನೇ ಬಿಟ್ಟುಕೊಟ್ಟಿದ್ದ.

ಮಹಾದೇವಮ್ಮ ಓದು ಮುಂದುವರಿಸಿದಳು. ದೂಳಿನ ಕಣ, ನೀರಿನ ಹನಿ ಬೆರೆತಂತೆ ಎಲ್ಲ ದೇಹಗಳೂ ಅವೇ ತತ್ತ್ವಗಳಿಂದ ಕೂಡಿದವು; ಇದರಲ್ಲಿ ಯಾರು ಯಾರವರೆಂದು ಕೇಳುವುದು ಹೇಗೆ ಎಂದು ಸುಲಭೆ ರಾಜನ ಒಂದೊಂದೇ ಮಾತನ್ನು ಮುರಿದಳು. ಯಶೋಧರಾ ಅರ್ಥ ಹೇಳುತ್ತಲೇ ಇದ್ದಳು. ದನಿ ಮಾತ್ರ ತನ್ನದಲ್ಲವೆನಿಸುತ್ತಿತ್ತು.

ಕೊನೆಯ ಭಾಗ ಬಂತು. ಇಷ್ಟೆಲ್ಲ ವಾದಿಸಿದ ಸುಲಭೆ ಕಡೆಗೆ ತನ್ನ ಕುಲವನ್ನು ಹೇಳುತ್ತಾಳೆ: ತಾನು ಪ್ರಧಾನನೆಂಬ ರಾಜರ್ಷಿಯ ವಂಶದವಳು, ಜನಕನದೇ ವರ್ಣದವಳು. ಮಹಾದೇವಮ್ಮ ನಿಲ್ಲಿಸಿದಳು. ಎಲ್ಲರೂ ಅರ್ಥಕ್ಕಾಗಿ ಕಾದರು.

ದೇವೀಂದ್ರಪ್ಪ ಕೆಮ್ಮಿದರು.

"ಸುಲಭೆಗ ಹೇಳ್ಕೊಳ್ಳಾಕ ರಾಜರ ವಂಶ ಇತ್ತು, ಹೇಳಿದಳು," ಎಂದಳು ಯಶೋಧರಾ. "ಅದು ಇಲ್ಲದಾಕಿನೂ ಹೇಳ್ಬೇಕು. ಯಂಕಮ್ಮನವರ, ನೀವು ಕೇಳಿದಾಗ ನಾ ನಕ್ಕು ಸುಳ್ಳಾಡಿದೆ. ನಾವು ಜೈನರಲ್ಲ, ಬೌದ್ಧರು. ಊರ ಹೊರಗಿನ ಕೇರಿಯವರು. ಅಲ್ಲಿ ಚಪ್ಪಲಿ ಹಂತ್ಯಾಕ ಕುಂತವರು ನಮ್ಮಪ್ಪ, ವಿಠೋಬಾ."

ನಾಲ್ವರು ಎದ್ದು ಹೋದರು. ಅವರ ಹಿಂದೆ ಇನ್ನಿಬ್ಬರು. ದೇವೀಂದ್ರಪ್ಪನವರ ಮುಖ ಕಪ್ಪಿಟ್ಟಿತು.

"ಮಹಾದೇವಮ್ಮ, ಪುಸ್ತಕ ಮುಚ್ಚು."

ಮಹಾದೇವಮ್ಮ ಹಾಳೆಯ ಮೇಲೆ ಬೆರಳಿಟ್ಟುಕೊಂಡೇ ಕುಳಿತಿದ್ದಳು. ಪೀಠದತ್ತ ನೋಡಲಿಲ್ಲ, ದೇವೀಂದ್ರಪ್ಪನವರತ್ತಲೂ ನೋಡಲಿಲ್ಲ.

"ಇನ್ನೊಂದು ಸಾಲು ಅದರಿ ಮಾಸ್ತರ," ಎಂದಳು. ಆಮೇಲೆ ಓದಿದಳು: ಸುಲಭೆಯ ಮಾತು ಕೇಳಿದ ಜನಕರಾಜ ಮತ್ತೇನನ್ನೂ ನುಡಿಯಲಿಲ್ಲ.

ಅರ್ಥ ಯಾರೂ ಕೇಳಲಿಲ್ಲ. ಅಧ್ಯಾಯ ಮುಗಿದಿತ್ತು. ಯಶೋಧರಾ ಪೀಠದಿಂದ ಇಳಿದು, ದಾರಿ ಬಿಟ್ಟವರ ಮತ್ತು ಬಿಡದವರ ನಡುವೆಯೇ ನಡೆದು, ಅಪ್ಪನ ಪಕ್ಕದಲ್ಲಿ ಕುಳಿತಳು.

"ಹುಚ್ಚಿ," ಎಂದ ವಿಠೋಬಾ ಮೆಲ್ಲಗೆ, ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು.